ಮೌಶಿ ಕಟ್ಟಿದ ಹಗ್ಗ

ಮೌಶಿಯ ಬಲಗೈ ಭುಜದಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಎದೆಯ ಕ್ಯಾನ್ಸರಿಗೆ ಆಪರೇಷನ್ ಆದಾಗಿನಿಂದ ಕುಂಕುಮವನ್ನೂ ಎಡಗೈಯಿಂದಲೇ ಇಟ್ಟುಕೊಳ್ಳುತ್ತಿದ್ದಳು. ಅದು ಯಾವಾಗಲೂ ಕೊಂಚ ವಾರೆ. ವಿಜಾಪುರ ಕಡೆಯವಳು, ತೆಲುಗು ಸೀಮೆಯ ನಾರಾಯಣಗೂಡದಲ್ಲಿ ನಮ್ಮ ಪಕ್ಕದ ಮನೆ. ಓಣಿಗೆಲ್ಲ ಮೌಶಿ, ಅಂದರೆ ಚಿಕ್ಕಮ್ಮ.

ನಾನಾಗ ಆಸ್ಪತ್ರೆಯಲ್ಲಿ ಹೊಸ ಆಹಾರತಜ್ಞೆ. ಕ್ಯಾನ್ಸರ್ ಗೆದ್ದು ಬಂದ ಹೆಂಗಸರಿಗೆಂದು ದಿನಚರಿಯೊಂದನ್ನು ಬರೆದಿದ್ದೆ: ಬೆಳಿಗ್ಗೆ ಆರಕ್ಕೆ ಪಾರ್ಕಿನಲ್ಲಿ ನಡಿಗೆ, ಓಟ್ಸ್, ರಬ್ಬರ್ ಪಟ್ಟಿ ಎಳೆಯುವ ವ್ಯಾಯಾಮ. ಮೊದಲ ವಾರ ಹನ್ನೆರಡು ಮಂದಿ ಬಂದರು. ಮೂರನೆಯ ವಾರ ಮೌಶಿ ಒಬ್ಬಳೇ. ದೊಡ್ಡ ಡಾಕ್ಟರು, "ಇನ್ನೊಂದು ತಿಂಗಳು ನೋಡಿ ಮುಚ್ಚಿಬಿಡೋಣ" ಎಂದರು. ನನಗೆ ಸಿಟ್ಟು ಬಂದದ್ದು ಆ ಹೆಂಗಸರ ಮೇಲೆ!

ಮೌಶಿ ನನ್ನ ಹಾಳೆ ಓದಿ ನಕ್ಕಳು. "ಆರಕ್ಕ ನಳಾ ಬರ್ತಾವು. ನೀರು ಬಿಟ್ಟು ಯಾವಾಕಿ ಪಾರ್ಕಿಗೆ ಹೋಗ್ತಾಳ? ಇದನ್ನ ಬರಿಯೂ ಮುಂದ ನಮ್ಮನ್ನ ಒಂದ್ ಮಾತು ಕೇಳಿದ್ದೇನು?"

ಕೇಳಿರಲಿಲ್ಲ.

ಶುಕ್ರವಾರ ಎಲ್ಲರನ್ನೂ ತನ್ನ ಮಾಳಿಗೆಗೆ ಅರಿಶಿನ ಕುಂಕುಮಕ್ಕೆ ಕರೆದಳು. "ಆಸ್ಪತ್ರಿಗೆ ಬರಂಗಿಲ್ಲ, ಕುಂಕುಮಕ್ಕ ಬ್ಯಾಡ ಅನ್ನಂಗಿಲ್ಲ" ಎಂದಳು. ಗಂಡನಿಲ್ಲದ ಮೂವರನ್ನೂ ಬಿಡಲಿಲ್ಲ. ಅಂದು ತೆಲುಗು, ಹಿಂದಿ, ಕನ್ನಡ ಮೂರರಲ್ಲೂ ನನ್ನ ಹಾಳೆಯ ಗ್ರಹಚಾರ ಬಿಡಿಸಿದರು. ಓಟ್ಸ್ ಹೋಗಿ ಜೋಳದ ರೊಟ್ಟಿ, ಪುಂಡಿಪಲ್ಲೆ ಬಂದವು. ಪಾರ್ಕಿನ ಬದಲು ಸಂಜೆ ಸುಲ್ತಾನ್ ಬಜಾರಿನಲ್ಲಿ ಚೀಲ ಹೊರದೆ ಬರಿಗೈಯಲ್ಲಿ ಸುತ್ತಾಟ. ಇನ್ನು ವ್ಯಾಯಾಮ. ಮೌಶಿ ಎದೆಯೆತ್ತರಕ್ಕೆ ಹಗ್ಗ ಕಟ್ಟಿಸಿ, ಒಣ ಸೀರೆ ಹರವಲು ಹೇಳಿದಳು. ವಾರಕ್ಕೆ ನಾಲ್ಕು ಬೆರಳು ಹಗ್ಗ ಮೇಲೆ.

"ನೋವಾದ್ರ ನಿಲ್ಲಸ್ರಿ. ಹಗ್ಗ ಏನ್ ಓಡಿ ಹೋಗಂಗಿಲ್ಲ" ಎನ್ನುತ್ತಿದ್ದಳು.

ತಿಂಗಳು ತುಂಬಿದ ದಿನ ದೊಡ್ಡ ಡಾಕ್ಟರು ಮಾಳಿಗೆ ಹತ್ತಿ ಬಂದರು. ಹನ್ನೆರಡಕ್ಕೆ ಹನ್ನೆರಡೂ ಮಂದಿ ಇದ್ದರು. ಮುಚ್ಚುವ ಮಾತು ಅಲ್ಲಿಗೇ ನಿಂತಿತು. ಅವರು ನನ್ನನ್ನು ಹೊಗಳತೊಡಗಿದಾಗ ಮೌಶಿ ತಡೆದಳು: "ಮಾಡಿದವ್ರು ನಾವು ಹನ್ನೆರಡು ಮಂದಿರಿ. ಈಕಿ ಚಲೋ ಅಕ್ಷರದಾಗ ಬರದಾಳ." ಆಮೇಲೆ ಬಲಗೈ ಎತ್ತಿ ನನ್ನ ಹಣೆಗೆ ಕುಂಕುಮ ಇಟ್ಟಳು. ನೆಟ್ಟಗೆ ಇಟ್ಟಳು. ಮುಂದೆ ನನಗೆ ಸಿಕ್ಕ ಯಾವ ಪ್ರಶಸ್ತಿಗೂ ಅಷ್ಟು ಬೀಗಿಲ್ಲ.

ಮೌಶಿ ಆಮೇಲೆ ಹದಿನಾಲ್ಕು ವರ್ಷ ಬಾಳಿ, ಹೃದಯ ನಿಂತು ಹೋದಳು. ಹತ್ತನೆಯ ದಿನ ಮಾಳಿಗೆಗೆ ಹೋದೆ. ಅವಳು ಕಡೆಯ ಸಲ ಏರಿಸಿ ತನಗೆಂದು ಕಟ್ಟಿಕೊಂಡ ಹಗ್ಗ ಹಾಗೇ ಇತ್ತು. ಮೌಶಿ ನನ್ನಷ್ಟೇ ಎತ್ತರ. ಒಂದು ಕಾಯಿಲೆಯನ್ನೂ ಕಾಣದ ನನ್ನ ಕೈ ಎತ್ತಿದೆ. ಹಗ್ಗ ಮುಟ್ಟಲು ತುದಿಗಾಲಲ್ಲಿ ನಿಲ್ಲಬೇಕಾಯಿತು.