ಅತ್ತೆ ಕುಡಿಯದ ಚೊಂಬು ನೀರು

ನಮ್ಮತ್ತೆ ಕದರಮ್ಮ ಬಲಸಮುದ್ರದ ಶುದ್ಧ ನೀರಿನ ಘಟಕ ನೋಡಿಕೊಳ್ಳುತ್ತಾರೆ. ನಮ್ಮ ಕಡೆ ಫ್ಲೋರೈಡ್ ತುಂಬಿದ ಬೋರ್‌ವೆಲ್ ನೀರು ಕುಡಿದು ಹಲ್ಲು ಕಂದಿದವರು, ಮಂಡಿ ಸೊಟ್ಟಗಾದವರು ಮನೆಗೊಬ್ಬರು. ಮಾವ ಕೋಲು ಹಿಡಿದದ್ದೂ ಹಾಗೇ. ಅಂದಿನಿಂದ ಅತ್ತೆಗೆ ಘಟಕದ ನೀರು ಬಿಟ್ಟರೆ ಉಳಿದದ್ದೆಲ್ಲ ವಿಷ. ಮದುವೆ ಮನೆಗೂ ಬಾಟಲಿ ಹಿಡಿದೇ ಹೋಗುತ್ತಾರೆ. ಊರಲ್ಲಿ ಇದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ನೆಂಟರು ಕೂಡ ಕುಡಿಯುವ ಮೊದಲು "ಬೋರಿಂದಾ, ಘಟಕದ್ದಾ?" ಎಂದು ಕೇಳುತ್ತಾರೆ.

ಹೋದ ವರ್ಷ ನಮ್ಮ ಮಹಿಳಾ ಸಂಘದವರು ಕಾಳಿ ನದಿಯ ದೋಣಿ ವಿಹಾರಕ್ಕೆ ಹೊರಟಾಗ, ಅತ್ತೆ ಇಪ್ಪತ್ತು ಲೀಟರಿನ ಕ್ಯಾನನ್ನೂ ಬಸ್ಸಿಗೆ ಹತ್ತಿಸಿದರು. ಹೊಳೆ ನೋಡಲು ನೀರು ಹೊತ್ತು ಹೋದವರನ್ನು ನಾನು ಕಂಡದ್ದು ಅದೇ ಮೊದಲು.

ಎರಡೂ ದಡದಲ್ಲಿ ಬಿಸಿಲು ನೆಲ ಮುಟ್ಟದಂಥ ಕಾಡು. ಉದ್ದ ಕೊಕ್ಕಿನ ಮಂಗಟ್ಟೆ ಹಕ್ಕಿ ಕಂಡಾಗ ಅತ್ತೆ, "ಅಯ್ಯೋ, ಅದರ ಮೂತಿ ನೋಡೇ ವನಜಾ!" ಎಂದು ನನ್ನನ್ನು ಕೂಗಿದರು. ನಡುವೆ ಕಾಡಿನವರ ಹತ್ತು ಮನೆಗಳ ಊರಲ್ಲಿ ದೋಣಿ ನಿಲ್ಲಿಸಿದರು. ಅಲ್ಲೊಬ್ಬ ಹೆಂಗಸು ನಮ್ಮಿಬ್ಬರನ್ನು ಜಗಲಿಗೆ ಕರೆದು, ಫಳಫಳ ತೊಳೆದ ಚೊಂಬಿನಲ್ಲಿ ಝರಿಯ ನೀರು, ಜೊತೆಗೆ ಬೆಲ್ಲ ತಂದಿಟ್ಟಳು. ಅತ್ತೆ ಚೊಂಬನ್ನು ಪಕ್ಕಕ್ಕೆ ಸರಿಸಿ, "ನಂಗ್ಬ್ಯಾಡ ಕಣಮ್ಮ, ನಮ್ದು ನಾವೇ ತಂದ್ಬುಟ್ಟಿದೀವಿ," ಎಂದು ಬಾಟಲಿ ಎತ್ತಿ ಗಟಗಟ ಕುಡಿದು ಮೆಟ್ಟಿಲಿಳಿದರು.

ಆ ಹೆಂಗಸಿನ ಮುಖ ಸಣ್ಣದಾಯಿತು. "ನಮ್ಮ ಕೈ ನೀರು ನಿಮಗೆ ಆಗೂದಿಲ್ಲ, ಗೊತ್ತಾಯ್ತು. ನಮಗೇನು ಇದು ಹೊಸತಲ್ಲ," ಎಂದು ನನಗೆ ಮೆಲ್ಲಗೆ ಹೇಳಿ, ನೀರನ್ನು ದಾಸವಾಳದ ಬುಡಕ್ಕೆ ಚೆಲ್ಲಿದಳು.

ಕೆಳಗೆ ನಿಂತಿದ್ದ ಅತ್ತೆ ಕೇಳಿದರು, "ಏನಂದ್ಲೇ ಆಯಮ್ಮ?"

"ಏನಿಲ್ಲತ್ತೆ, ಹೋಗ್ಬನ್ನಿ ಅಂದ್ಲು," ಎಂದೆ.

ನಿಜ ಹೇಳಿದ್ದರೆ ಅತ್ತೆ ವಾಪಸು ಹತ್ತಿ, ಆಕೆಯ ಕೈ ಹಿಡಿದು, ಮಾವನ ಮಂಡಿಯಿಂದ ಶುರುಮಾಡಿ ಕಥೆಯೆಲ್ಲ ಹೇಳುತ್ತ ಹೊತ್ತು ಕಳೆಯುತ್ತಿದ್ದರು. ದೋಣಿಯವನು ಮುಂದೆ ಮೊಸಳೆ ತೋರಿಸುತ್ತೇನೆ ಎಂದಿದ್ದ. ನನಗೆ ಮೊಸಳೆ ನೋಡಬೇಕಿತ್ತು. ಇದನ್ನು ಬರೆಯುವಾಗಲೂ ನಾಚಿಕೆಯಿಂದ ತಲೆ ತಗ್ಗುತ್ತದೆ.

ಮೊಸಳೆ ಕಂಡಿತು, ಬಂಡೆಯ ಮೇಲೆ ಬಾಯಿ ತೆರೆದು ಮಲಗಿತ್ತು. ನಾನು ಸರಿಯಾಗಿ ನೋಡಲೂ ಇಲ್ಲ.

ವಾಪಸು ಬರುವಾಗ, ಬಸ್ಸು ಶಿರಾ ದಾಟಿದ ಮೇಲೆ, ತಡೆಯಲಾಗದೆ ಎಲ್ಲ ಹೇಳಿಬಿಟ್ಟೆ. ಅತ್ತೆ ಕುಡಿಯಲು ಎತ್ತಿದ್ದ ಬಾಟಲಿಯನ್ನು ಕೆಳಗಿಟ್ಟರು.

"ನಾನು ಜಾತಿ ನೋಡ್ದೆ ಅಂದ್ಕಂಡ್ಳಾ?"

ನಾನು ಹೌದೆಂದು ತಲೆಯಾಡಿಸಿದೆ. ಅತ್ತೆ ಬಾಟಲಿಯ ಮುಚ್ಚಳ ಬಿಗಿದು ಚೀಲಕ್ಕೆ ಹಾಕಿದರು. ಮಧುಗಿರಿ ಬೆಟ್ಟ ಕಂಡಾಗ ಕೇಳಿದರು, "ದೋಣಿ ಇನ್ನಾ ದಡದಾಗೇ ಇತ್ತಲ್ಲೇ. ಅವಾಗ್ಲೇ ಯಾಕೆ ಹೇಳ್ಲಿಲ್ಲ?"

ಮೊಸಳೆ ಎನ್ನಲು ನನಗೆ ಬಾಯಿ ಬರಲಿಲ್ಲ.