ಓಂ ರಾಮ್ ಆದ ಉಮ್ರವ್

ಫಾಸ್ಟರ್ ಸಿಟಿಯಲ್ಲಿ ನಮ್ಮ ಹಿತ್ತಿಲು ದಾಟಿದರೆ ಲಗೂನು, ಅಂದರೆ ಕಡಲ ಹಿನ್ನೀರು. ಪಕ್ಕದ ಮನೆಯ ಐರಿಶ್ ವೃದ್ಧೆ ಅಲ್ಲೊಂದು ಪುಟ್ಟ ದೋಣಿ ಕಟ್ಟಿಕೊಂಡಿದ್ದಾಳೆ. ಆಕೆಯ ತಾತ ಕಡಲಿಗಿಳಿದು ಮೀನು ಹಿಡಿಯುತ್ತಿದ್ದವನು. ಅವನ ಭಾಷೆಯಲ್ಲಿ ಆಕೆಗೆ ಉಳಿದಿರುವುದು ಒಂದೇ ಮಾತು, ಉಮ್ರವ್. ಹುಟ್ಟು ಹಾಕುವುದು ಎಂದರ್ಥ. ಮೊದಲ ಭಾಗಕ್ಕೆ 'ಸುತ್ತ' ಎಂಬ ಅರ್ಥ, ಉಳಿದದ್ದು ಹುಟ್ಟಿನ ಕೆಲಸ. ಅದರ ಜೊತೆ 'ದೋಣಿಯನ್ನು' ಎಂದು ಹೇಳಿದರೆ ತಾತ ತಿದ್ದುತ್ತಿದ್ದನಂತೆ: 'ದೋಣಿಯ' ಅನ್ನಬೇಕು, ನಾನು ದೋಣಿಯ ಹುಟ್ಟು ಹಾಕುವುದರಲ್ಲಿದ್ದೇನೆ ಎಂಬಂತೆ. ಇಷ್ಟೂ ಮರೆತುಹೋದೀತೆಂದು ಹೆದರಿ ಆ ಮಾತನ್ನು ದೋಣಿಯ ಮೇಲೆ ಬಣ್ಣದಲ್ಲಿ ಬರೆಸಿದ್ದಳು. ಐರಿಶ್ ಬರವಣಿಗೆಯಲ್ಲಿ ಅದು ಐ, ಓ, ಎಂ, ಆರ್, ಎ, ಎಂ, ಎಚ್. ಕೊನೆಯ ಎಂ-ಎಚ್ ಬಾಯಲ್ಲಿ 'ವ' ಆಗುತ್ತದೆ. ನಾನೂ ಅಜ್ಜಿಯ ಬಾಯಿಂದ ಭಾಷೆ ಕಲಿತವಳು. ನನಗೆ ಕೂಡಲೇ ಒಪ್ಪಿಗೆಯಾಯಿತು.

ಆಯುಧಪೂಜೆಗೆ ನಮ್ಮ ಮನೆಗೆ ಎವರ್‌ಗ್ರೀನ್ ಎಂಬ ಊರಿನಿಂದ ಒಬ್ಬ ಮಹಾಪಂಡಿತ ಬಂದ. ವಾರವೆಲ್ಲ ಕಂಪ್ಯೂಟರ್ ಚಿಪ್ಪು ಡಿಸೈನು ಮಾಡುತ್ತಾನೆ, ವೀಕೆಂಡಿನಲ್ಲಿ ಭಾಷಾವಿಜ್ಞಾನಿ. ಲೋಕದ ಯಾವ ಪದ ಸಿಕ್ಕಿದರೂ ಜುಟ್ಟು ಹಿಡಿದು ಅಯೋಧ್ಯೆಗೆ ಎಳೆದೊಯ್ಯುವವನು. ದೋಣಿ ಕಂಡದ್ದೇ ಕಣ್ಣರಳಿಸಿದ.

"ನೋಡಿ ಆಂಟಿ, ಆ ಐ ಒಂದು ತೆಗೆದುಬಿಡಿ. ಓಂ ರಾಮ್. ದೋಣೀಲಿ ಗಂಗೆ ದಾಟಿದ್ದು ಯಾರು ಹೇಳಿ?"

ಊಟದ ಎಲೆ ಎತ್ತುವಷ್ಟರಲ್ಲಿ ಫೋಟೋ ಕೊಲ್ಲಿಯಾಚೆಯ ಯೂನಿಯನ್ ಸಿಟಿಯವರೆಗೂ ಫಾರ್ವರ್ಡಾಗಿತ್ತು. ಹಬ್ಬಕ್ಕೆ ಬಂದವರೆಲ್ಲ ಎದ್ದು ಹೋಗಿ ದೋಣಿಗೆ ಕುಂಕುಮ ಹಚ್ಚಿದರು. ಗಾಲಿಯಿಲ್ಲದ ವಾಹನಕ್ಕೆ ನಿಂಬೆಹಣ್ಣು ಎಲ್ಲಿಡಬೇಕೆಂದು ದೊಡ್ಡ ಚರ್ಚೆಯೇ ನಡೆಯಿತು. ಎಂಜಿನಿಯರುಗಳಲ್ಲವೇ.

ಗದ್ದಲ ಕೇಳಿ ಹೊರಗೆ ಬಂದ ವೃದ್ಧೆ ನಗುನಗುತ್ತಲೇ ಎಲ್ಲ ಕೇಳಿಸಿಕೊಂಡಳು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಇವರೆಲ್ಲ ಓದಿದವರು, ಹಾಗಾದರೆ ನನ್ನ ತಾತನೇ ತಪ್ಪು ಹೇಳಿಕೊಟ್ಟನೇ ಎಂದು ಕೇಳಿದಳು. ಆಗ ನನಗೆ ಮೈಯೆಲ್ಲ ಉರಿಯಿತು.

"ಅಪ್ಪಾ, ಆ ಮಾತನ್ನ ಆಕೆ ಬಾಯಲ್ಲಿ ಒಂದ್ಸಲನಾದ್ರೂ ಕೇಳಿದ್ಯಾ?" ಎಂದು ಪಂಡಿತನನ್ನು ಕೇಳಿದೆ.

"ಕೇಳೋದೇನು ಆಂಟಿ, ಸ್ಪೆಲ್ಲಿಂಗೇ ಇದೆಯಲ್ಲ. ಅವರು ಹೇಳೋದು ಅಪಭ್ರಂಶ."

"ಸರಿ ಹಾಗಾದ್ರೆ. ದೋಣೀಲಿರೋದಕ್ಕೂ ಜನ್ಮಕ್ಕೂ ಹುಟ್ಟು ಅಂತಾನೇ ಬರೀತೀವಿ. ಹ್ಯಾಪಿ ಬರ್ತ್‌ಡೇ ಹಾಡಿ ಕೇಕ್ ಕಟ್ ಮಾಡು."

ಎಲ್ಲರೂ ನಕ್ಕರು. ಮಹಾನುಭಾವ ಮಾತ್ರ ನಗಲಿಲ್ಲ. "ಹುಟ್ಟು... ಇಂಟರೆಸ್ಟಿಂಗು" ಎನ್ನುತ್ತ ಫೋನಿನಲ್ಲಿ ಬರೆದುಕೊಂಡ.

ಅವನಿಗೆ ಬುದ್ಧಿ ಹೇಳುವ ಆಸೆ ಬಿಟ್ಟು ಆಕೆಯ ಕಡೆ ತಿರುಗಿದೆ. ನಿನ್ನ ತಾತ ಹೇಳಿದ್ದೇ ಸರಿ, ಕಿವಿಗೆ ಬಿದ್ದದ್ದನ್ನು ಹಿಡಿದುಕೋ, ನಮ್ಮವರು ಬರೀ ಅಕ್ಷರ ಕೂಡಿಸಿ ಓದಿದ್ದಾರೆ ಎಂದೆ. ಆಕೆ ಕುಂಕುಮ ಒರೆಸಲಿಲ್ಲ. ಬಣ್ಣ ಚೆನ್ನಾಗಿದೆ ಎಂದಳು. ನನ್ನನ್ನೂ ಹತ್ತಿಸಿಕೊಂಡು ಹುಟ್ಟು ಎತ್ತಿದಳು. ಒಂದೊಂದು ಎಳೆತಕ್ಕೂ, ದಡದವರಿಗೆಲ್ಲ ಕೇಳುವ ಹಾಗೆ, ಉಮ್ರವ್ ಎಂದಳು. ನಾನೂ ಅಂದೆ. ಮೊದಲ ಸಲ ನನ್ನ 'ವ' ಸರಿಬರಲಿಲ್ಲ, ತಿದ್ದಿದಳು.

ದಡದಲ್ಲಿ ಅವನು ತಲೆ ತಗ್ಗಿಸಿ ಇನ್ನೂ ಟೈಪು ಮಾಡುತ್ತಲೇ ಇದ್ದ.