ಹೆತ್ತಪ್ಪ ಹಿಂದಕ್ಕೆ ತೆಗೆದುಕೊಂಡ ಮಾತು

ಆಗೆಲ್ಲ ನಮ್ಮ ಸೋಲೂರು ಬೆಟ್ಟದ ಕಡೆಯ ಮಂಜು ನೆಂಟರ ಹಾಗೆ ಕೇಳದೆಯೇ ಮನೆಯೊಳಗೆ ಬಂದು ಕೂರುತ್ತಿತ್ತು. ಬಾಗಿಲು ತೆಗೆದರೆ ಎದುರು ಮನೆ ಇಲ್ಲ, ಮೆಟ್ಟಿಲಿಲ್ಲ, ನೋಡಿದರೆ ನನ್ನ ಕಾಲೇ ಇಲ್ಲ! ಎಲ್ಲಿಂದಲೋ ಒಂದು ಎಮ್ಮೆ ಕೂಗಿದರೆ, ಓ, ಹಟ್ಟಿ, ಎಂದರೆ ನಮ್ಮ ಊರು, ಇನ್ನೂ ಅಲ್ಲೇ ಇದೆ ಎಂದು ಸಮಾಧಾನ. ನಾನು ಮಿಷನ್ ಶಾಲೆಯಲ್ಲಿ ಎರಡನೇ ಕ್ಲಾಸಿನ ತನಕ ಹೋದವಳು. ಬರೆಯಲು ಕೂತರೆ ಅಕ್ಷರ ಒಂದು ಕಡೆ, ಗೆರೆ ಒಂದು ಕಡೆ. ಆದರೂ ಮೊಮ್ಮಕ್ಕಳು ಸುತ್ತ ಕೂತು ಕೇಳುವಾಗ ಎದೆ ತುಂಬಿ ಬಂದು, ಬರೆಯದೆ ಇರಲು ಆಗುವುದಿಲ್ಲ.

ನನಗೆ ಏಳು ತುಂಬಿದ ವರ್ಷ ಅಪ್ಪ ಯೇಸುವಿನ ದಾರಿ ಹಿಡಿದು ದೀಕ್ಷಾಸ್ನಾನ ತೆಗೆದುಕೊಂಡ. ನಮ್ಮ ಬಡಗರ ಹಟ್ಟಿಯಲ್ಲಿ ಅದು ಸಣ್ಣ ಸಂಗತಿಯಲ್ಲ. ಊರ ಮುಂದಿನ ಕಲ್ಲುಕಟ್ಟೆಯ ಮೇಲೆ ಹಿರಿಯರೆಲ್ಲ ಕೂತಿದ್ದಾಗ ನನ್ನ ಹೆತ್ತಪ್ಪ, ಎಂದರೆ ಅಪ್ಪನ ಅಪ್ಪ, ಎದ್ದು ನಿಂತು, "ಎನಗೆ ಇಬ್ಬರು ಮಕ್ಕ ಇದ್ದರು. ದೊಡ್ಡವ ಸತ್ತ" ಎಂದುಬಿಟ್ಟ. ಅಪ್ಪ ಅಲ್ಲೇ ನಿಂತಿದ್ದ. ನಮ್ಮನ್ನು ಕರೆದುಕೊಂಡು ಇಳಿಜಾರಿನ ಕೆಳಗೆ, ಪ್ರಾರ್ಥನೆ ಮನೆಯ ಪಕ್ಕದ ಹುಲ್ಲು ಮಾಡಿನ ಮನೆಗೆ ಬಂದ.

ಅಗೆಯುವಾಗ ಹಾಡುತ್ತಿದ್ದ ಅಪ್ಪ ಅಂದಿನಿಂದ ಹಾಡಲಿಲ್ಲ. ಹಟ್ಟಿಯ ದಾರಿ ಬಿಟ್ಟು ಕಾಡು ಸುತ್ತಿ ನಡೆಯುತ್ತಿದ್ದ. ಕರೆದರೆ ತಡವಾಗಿ ತಿರುಗಿ ನೋಡುತ್ತಿದ್ದ. ಆ ಮಾತನ್ನು ತಾನೇ ನಂಬಿಬಿಟ್ಟವನ ಹಾಗೆ ಇದ್ದ. ಒಂದು ಸಂಜೆ ಮಾತ್ರ ಹಿಟ್ಟಿನ ಮುದ್ದೆ ಮುಂದಿಟ್ಟುಕೊಂಡು, "ಎನ್ನ ಬಾಯಿಗೂ ಮಾತು ಬರುತ್ತದೆ" ಎಂದ.

"ಬರಲಿ, ಹಲ್ಲಿನ ಒಳಗೇ ಇರಲಿ" ಎಂದಳು ಅವ್ವೆ. "ಕರ್ತನನ್ನು ಅಷ್ಟು ಜನ ಬೈದರಲ್ಲ, ಅವ ತಿರುಗಿ ಬೈದನ?"

"ಇಲ್ಲೆ."

"ಹಂಗಾದರೆ ಉಣ್ಣು. ಉದಕ ಆರುತ್ತದೆ."

ಉದಕ ಎಂದರೆ ನಮ್ಮಲ್ಲಿ ಸಾರು. ಅವರೆಕಾಳಿನ ಆ ಉದಕದ ವಾಸನೆ! ಈಗಲೂ ಮೂಗಿಗೆ ಬರುತ್ತದೆ. ನಮ್ಮ ಮನೆಯಲ್ಲಿ ಹೆತ್ತಪ್ಪನ ಮೇಲೆ ಒಂದು ಕಹಿ ಮಾತು ಹುಟ್ಟಲು ಅವ್ವೆ ಬಿಡಲಿಲ್ಲ. "ದೇವರು ಮಾತಿನಿಂದಲೇ ಬೆಳಕು ಮಾಡಿದ, ಕೂಸೇ. ಆ ಮಾತನ್ನೇ ನಮ್ಮ ಬಾಯಲ್ಲೂ ಇಟ್ಟಿದ್ದಾನೆ, ಜೋಕೆ" ಎನ್ನುತ್ತಿದ್ದಳು.

ತವಟೆ ಹಣ್ಣಿನ ಕಾಲ ಬಂತು. ಗುಡ್ಡವೆಲ್ಲ ಪೊದೆ, ಪೊದೆಯ ತುಂಬ ನೇರಳೆ ಬಣ್ಣದ ಹಣ್ಣು. ತಿಂದು ತಿಂದು ನಾಲಿಗೆ, ಬೆರಳು, ಲಂಗ ಎಲ್ಲ ಒಂದೇ ಬಣ್ಣ. ಮಂಜಿನಲ್ಲಿ ಮಕ್ಕಳು ಕಾಣುತ್ತಿರಲಿಲ್ಲ, ನಗು ಮಾತ್ರ ಅಲ್ಲೊಂದು ಇಲ್ಲೊಂದು ಕೇಳುತ್ತಿತ್ತು. ನಾನು ಹತ್ತಿರ ಹೋದಾಗ ಚಿಕ್ಕಪ್ಪನ ಮಗಳು ಮಾದಿ ಕೂಗಿದಳು.

"ಏ, ಸತ್ತವನ ಕೂಸು ಬಂತು! ಬುಟ್ಟಿ ಮುಟ್ಟಲು ಬಿಡಬೇಡಿ!"

ಎಲ್ಲರೂ ನಕ್ಕರು. "ಸತ್ತವ ನಿಮ್ಮ ಮನೆಯಲ್ಲಿ ಹಿಟ್ಟು ಉಣ್ಣುವನ?" ಎಂದು ಇನ್ನೊಬ್ಬಳು ಕೇಳಿದಳು.

"ಉಣ್ಣುವ. ಎರಡು ಮುದ್ದೆ" ಎಂದೆ ನಾನು.

ಮತ್ತೂ ನಕ್ಕರು. ನನಗೆ ಅಳು ಬರಲಿಲ್ಲ, ಯೋಚನೆ ಬಂತು. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ, ಹೆಣ ಎತ್ತುವ ಮುಂಚೆ ಒಬ್ಬ ಹಿರಿಯ ಸತ್ತವರ ತಪ್ಪುಗಳನ್ನು ಗಟ್ಟಿಯಾಗಿ ಹೇಳುತ್ತಾನೆ. ಒಂದೊಂದು ತಪ್ಪಿಗೂ ಸುತ್ತ ನಿಂತವರು ಅದು ಬಿಟ್ಟುಹೋಗಲಿ ಎನ್ನುತ್ತಾರೆ, ಸತ್ತವರ ಹೊರೆ ಇಳಿಯುತ್ತದೆ. ನಮ್ಮ ಹಟ್ಟಿಯಲ್ಲಿ ಅದನ್ನು ಹೇಳುತ್ತಿದ್ದವನು ಹೆತ್ತಪ್ಪನೇ. ಹಾಗಿದ್ದರೆ ಅಪ್ಪನಿಗೆ ಯಾಕೆ ಇನ್ನೂ ಹೇಳಿಲ್ಲ?

ನೇರ ಹಟ್ಟಿಗೆ ಹತ್ತಿದೆ. ಕಲ್ಲುಕಟ್ಟೆಯ ಮೇಲೆ ಬಿಳಿ ಬಟ್ಟೆ ಹೊದ್ದ ಮುದುಕರು, ಮಂಜಿಗೇ ಕೈಕಾಲು ಮೂಡಿದ ಹಾಗೆ. ಹಿರಿಯರನ್ನು ಕಂಡರೆ ತಲೆ ಬಗ್ಗಿಸಬೇಕು, ಅವರು ತಲೆ ಮುಟ್ಟಿ ಹರಸಬೇಕು, ಅದು ನಮ್ಮ ಪದ್ಧತಿ. ನಾನು ಹೆತ್ತಪ್ಪನ ಮುಂದೆ ತಲೆ ಬಗ್ಗಿಸಿದೆ. ಕೈ ಬರಲಿಲ್ಲ. ಬಗ್ಗಿಕೊಂಡೇ ಕೇಳಿದೆ.

"ಹೆತ್ತಪ್ಪ, ಎನ್ನ ಅಪ್ಪನ ತಪ್ಪು ಹೇಳುವುದು ಯಾವಾಗ?"

"ಏನಂದೆ?"

"ಅವ ಸತ್ತ ಅಂದೆಯಲ್ಲ. ಸತ್ತವರಿಗೆಲ್ಲ ಹೇಳುವೆ, ಅಪ್ಪನಿಗೆ ಹೇಳಿಲ್ಲೆ. ಪಾಪ, ಎಲ್ಲ ಹೊತ್ತುಕೊಂಡೇ ಆಲೂಗಡ್ಡೆ ಅಗೆಯುವ."

ಹಲ್ಲಿಲ್ಲದ ಒಬ್ಬ ಮುದುಕ ಕೆಮ್ಮುತ್ತ ನಕ್ಕ. "ಕೂಸು ಸರಿಯಾಗೇ ಕೇಳಿತು. ಹೇಳಪ್ಪ, ಹೇಳು. ಬಿಟ್ಟುಹೋಗಲಿ ಅನ್ನಲು ನಮ್ಮ ಬಾಯಿ ಖಾಲಿಯಾಗೇ ಇದೆ."

ಹೆತ್ತಪ್ಪನಿಗೆ ಸಿಟ್ಟು ಬಂದಿರಬೇಕು. ಸಾವಿನ ಮನೆಯ ಆ ಸ್ವರದಲ್ಲೇ ಶುರು ಮಾಡಿದ. "ಕರೆದಿಟ್ಟ ಎಮ್ಮೆ ಹಾಲು ಕದ್ದು ಕುಡಿದ."

"ಬಿಟ್ಟುಹೋಗಲಿ" ಎಂದರು ಮುದುಕರು.

"ಮಳೆಯಲ್ಲಿ ಕರುವನ್ನು ಗುಡ್ಡದ ಮೇಲೆ ಮರೆತು ಬಂದ."

"ಬಿಟ್ಟುಹೋಗಲಿ."

ಹೆತ್ತಪ್ಪ ನಿಲ್ಲಿಸಿದ. ಆಮೇಲೆ ಬೇರೆಯೇ ಸ್ವರದಲ್ಲಿ, "ಮತ್ತೆ ಒಬ್ಬನೇ ಹೋಗಿ ಅದನ್ನು ಹೆಗಲ ಮೇಲೆ ಹೊತ್ತು ತಂದ. ಇಷ್ಟೇ ಇದ್ದ ಅವ" ಎಂದು ಕೈಯಲ್ಲಿ ಎತ್ತರ ತೋರಿಸಿದ.

"ಅದು ತಪ್ಪಾ?" ಎಂದ ಹಲ್ಲಿಲ್ಲದವ.

"ಇಲ್ಲೆ." ಹೆತ್ತಪ್ಪ ಎದ್ದು ನಿಂತ. "ಉಸಿರಿರುವವನ ಮೇಲೆ ಈ ಮಾತು ಹೇಳಬಾರದು. ಎನ್ನ ಮಗ ಸತ್ತಿಲ್ಲೆ. ಅಂದು ಇಲ್ಲೇ ನಿಂತು ನಾ ಹಂಗೆ ಅಂದದ್ದು ತಪ್ಪು."

ಹಲ್ಲಿಲ್ಲದ ಮುದುಕನೇ ಮೆಲ್ಲಗೆ, "ಬಿಟ್ಟುಹೋಗಲಿ" ಎಂದ. ಉಳಿದವರೂ ಒಬ್ಬೊಬ್ಬರಾಗಿ ಹೇಳಿದರು. ನನ್ನ ತಲೆಯ ಮೇಲೆ ಒಂದು ಒರಟು ಕೈ ಬಿತ್ತು. "ಬದುಕು, ಕೂಸೇ. ಬದುಕು."

ಹೇಗೆ ಓಡಿದೆನೋ! ಹೊಲದಲ್ಲಿ ಅಪ್ಪ ಬಗ್ಗಿ ಅಗೆಯುತ್ತಿದ್ದ.

"ಅಪ್ಪಾ, ನೀ ಸತ್ತಿಲ್ಲೆ! ಹೆತ್ತಪ್ಪ ಅಂದ!"

ಅಪ್ಪ ಗುದ್ದಲಿ ಬಿಟ್ಟ. "ಎಲ್ಲಿ ಅಂದ?"

"ಕಲ್ಲುಕಟ್ಟೆಯಲ್ಲೇ, ಎಲ್ಲರ ಮುಂದೆ."

"ಎಲ್ಲರ ಮುಂದೆಯಾ?"

"ಕೈಕಾಲಾದರೂ ತೊಳೆದು ಹೋಗು" ಎಂದು ಅವ್ವೆ ಕೂಗಿದ್ದು ಅಪ್ಪನಿಗೆ ಕೇಳಲಿಲ್ಲ. ಮಣ್ಣು ಮೆತ್ತಿದ ಕಾಲಲ್ಲೇ ಹಟ್ಟಿಯ ನೇರ ದಾರಿ ಹಿಡಿದ. ಮಂಜು ಅವನನ್ನು ಮುಚ್ಚಿತು. ಸ್ವಲ್ಪ ಹೊತ್ತಿನ ಮೇಲೆ ಮೇಲಿನಿಂದ ಇಬ್ಬರು ಗಂಡಸರು ಅಳುವುದು ಕೇಳಿಸಿತು. ಅವ್ವೆ ಹೊಲದಲ್ಲೇ ಮೊಣಕಾಲೂರಿದಳು. ಸ್ತೋತ್ರವೋ, ನಗುವೋ, ನನಗೆ ತಿಳಿಯಲಿಲ್ಲ.

ಹೆತ್ತಪ್ಪ ಪ್ರಾರ್ಥನೆ ಮನೆಗೆ ಬರಲಿಲ್ಲ, ಅಪ್ಪ ಹಟ್ಟಿಯ ದೇವರಿಗೆ ತಿರುಗಲಿಲ್ಲ. ಆದರೆ ಇಬ್ಬರ ನಡುವಿನ ಮಾತು ಮತ್ತೆ ಸಾಯಲಿಲ್ಲ.

ಈಗ ನಮ್ಮ ಹೊಲವೆಲ್ಲ ಟೀ ತೋಟ, ಮಂಜೂ ಮೊದಲಿನಷ್ಟು ಇಳಿಯುವುದಿಲ್ಲ. ಅದಕ್ಕೆ ನನಗೆ ದುಃಖವಿಲ್ಲ, ದುಃಖ ಬೇರೆಯದಕ್ಕೆ. ಮೊನ್ನೆ ನಮ್ಮ ಪ್ರಾರ್ಥನೆ ಮನೆಯ ಸಭೆಯಲ್ಲೇ ಅಣ್ಣತಮ್ಮಂದಿರಿಬ್ಬರು ಜನರ ಮುಂದೆ ಬಾಯಿಗೆ ಬಂದದ್ದು ಬೈದಾಡಿಕೊಂಡರು. ರಾಜಿಯಾದದ್ದು ಮಾತ್ರ ಮೂರನೆಯವರ ಕೈಲಿ ಹೇಳಿಕಳಿಸಿ, ಮನೆಯ ಹಿಂಬಾಗಿಲಲ್ಲಿ. ಆಡಿದ್ದನ್ನು ಊರೆಲ್ಲ ಕೇಳಿತ್ತು, ಹಿಂದಕ್ಕೆ ತೆಗೆದುಕೊಂಡದ್ದನ್ನು ಯಾರೂ ಕೇಳಲಿಲ್ಲ. ಅವರ ಮಕ್ಕಳು ಇನ್ನೂ ಒಬ್ಬರನ್ನೊಬ್ಬರು ನೋಡದೆ ರಸ್ತೆ ದಾಟುತ್ತಾರೆ.